ಮನದ ಕೆರೆ, ಕಣ್ಣಿನ ಕೋಡಿ



ನಮ್ಮ ಜಿಲ್ಲಾ ಪತ್ರಿಕೆಗಳ ನಿಧನವಾರ್ತೆಗಳನ್ನು ಮನಸ್ಸಿಟ್ಟು ಓದುವ ಅಭ್ಯಾಸ ನಿಮಗಿದ್ದರೆ ಒಂದು ಮಾತು ಬಾಯಿಪಾಠವಾಗಿಯೇ ಇರಬೇಕು. ಮೃತರು ಚಳ್ಳಕೆರೆಯವರಾಗಲಿ ಪಾವಗಡದವರಾಗಲಿ, ತಮ್ಮ ಅಪಾರವಾದ ಬಂಧುಬಳಗವನ್ನು ಅವರು ಮುಳುಗಿಸಿ ಹೋಗುವುದು ಶೋಕಸಾಗರದಲ್ಲಿಯೇ. ಹೊಳೆಯ ಮರಳಿನಲ್ಲಿ ಒರತೆ ತೋಡಿ ಕುಡಿಯುವ ನೀರನ್ನು ಸಂಪಾದಿಸಬೇಕಾದ ಸೀಮೆಯಲ್ಲಿ, ವರ್ಷಕ್ಕೆ 20 ಅಂಗುಲ ಮಳೆ ಬಿದ್ದರೆ ದೇವರಿಗೆ ಹಣ್ಣುಕಾಯಿ ಮಾಡಿಸುವ ಜನರ ನಡುವೆ, ಒಬ್ಬ ಮನುಷ್ಯನು ತೀರಿಕೊಂಡ ಮಾತ್ರಕ್ಕೆ ಇಷ್ಟೊಂದು ನೀರು ಎಲ್ಲಿಂದ ಬಂದು ಸೇರುತ್ತದೆಯೆಂದು ನಾನು ಚಿಕ್ಕಂದಿನಲ್ಲಿ ಬೆರಗಾಗುತ್ತಿದ್ದೆ.

ಈ ಸಂದೇಹವನ್ನು ನಾನು ಮೊದಲು ಮುಂದಿಟ್ಟದ್ದು ನನ್ನ ಅಜ್ಜಿಯ ಎದುರಿಗೆ. ಅವಳು ಹಿರಿಯೂರಿನ ಕಡೆ ಹುಟ್ಟಿ, ಆ ಕಡೆಯಲ್ಲೇ ಮದುವೆಯಾಗಿ, ವೇದಾವತಿಯ ಎರಡು ದಡಗಳ ಆಚೆಗೂ ಲೋಕವುಂಟೆಂಬುದನ್ನು ಒಂದೇ ಒಂದು ತಿರುಪತಿಯ ಯಾತ್ರೆಯಿಂದ ಬಲ್ಲವಳು. ಆದರೂ "ದುಕ್ಕದ ಸಾಗರ" ಎಂಬ ಮಾತು ಅವಳ ಬಾಯಲ್ಲಿ ಉಪ್ಪು ಮೆಣಸಿನ ಮಾತಿನಷ್ಟೇ ಸಲೀಸಾಗಿ ಬರುತ್ತಿತ್ತು. "ಸಾಗರ ಅಂದ್ರೆ ಏನಜ್ಜಿ?" ಎಂದು ಕೇಳಿದೆ. ಅವಳು ರಾಗಿ ಬೀಸುವುದನ್ನು ನಿಲ್ಲಿಸದೆಯೇ, "ಮಾರಿಕಣಿವೆ ಕಂಡಿಲ್ವೇನೋ? ಅದೇ ಸಾಗರ. ಅದ್ರ ಹೆಸ್ರಲ್ಲೇ ಸಾಗರ ಐತಲ್ಲ" ಎಂದಳು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಆ ಜಲಾಶಯಕ್ಕೆ ವಾಣೀವಿಲಾಸ ಸಾಗರವೆಂದು ಹೆಸರು; ನಮ್ಮ ಕಡೆಯ ಜನ ಅದನ್ನು ಮಾರಿಕಣಿವೆಯೆಂದೇ ಕರೆಯುತ್ತಾರೆ.

ಮುಂದೆ ಶಾಲೆಯಲ್ಲಿ ಭೂಗೋಳವನ್ನು ಓದಿ ಅಜ್ಜಿಯ ಉತ್ತರಕ್ಕೆ ನಕ್ಕೆ. ಇನ್ನೂ ಮುಂದೆ, ಹಳೆಯ ಕಾವ್ಯಗಳನ್ನೂ ಅಲಂಕಾರಗ್ರಂಥಗಳನ್ನೂ ಪಾಠ ಹೇಳಿ ತಲೆ ನರೆತ ಮೇಲೆ, ನಗುವಿಗೆ ಪಾತ್ರನಾಗಬೇಕಾದವನು ನಾನೇ ಎಂದು ತೋರತೊಡಗಿತು. ಒಳನಾಡಿನ ಕನ್ನಡಿಗನು ತನ್ನ ಸುಖದುಃಖಗಳನ್ನು ಸಾಗರವೆಂದು ಕರೆದಾಗ ಅವನ ಕಣ್ಣಿನ ಮುಂದೆ ಇರುವುದು ಕಡಲಲ್ಲವೆಂದೂ, ತನ್ನೂರಿನ ಕೆರೆಯೆಂದೂ, ಆ ಕಾರಣದಿಂದಲೇ ಅವನ ದುಃಖದ ಆಕಾರವೂ ಬೇರೆಯೆಂದೂ ಇಂದು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇನೆ.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಹೇಳಹೊರಟಾಗ ಕಾವೇರಿ ಗೋದಾವರಿಗಳನ್ನು ಹೆಸರಿಸಿತೇ ಹೊರತು ಪಡುವಣ ಕಡಲನ್ನು ಹೆಸರಿಸಲಿಲ್ಲ. ಉಪಮೆ ರೂಪಕಗಳ ಲಕ್ಷಣವನ್ನು ಕನ್ನಡಿಗರಿಗೆ ಮೊದಲು ಕಲಿಸಿದ ಗ್ರಂಥವೇ ನಾಡನ್ನು ನದಿಯಿಂದ ನದಿಗೆ ಅಳೆಯಿತೆಂಬುದು ನನಗೆ ಅರ್ಥವತ್ತಾಗಿ ಕಾಣುತ್ತದೆ. ನಮ್ಮ ಹಿರಿಯ ಕವಿಗಳ ಊರುಗಳನ್ನು ನೋಡಿರಿ: ರನ್ನನದು ಮುದುವೊಳಲು, ರೂಪಕಸಾಮ್ರಾಜ್ಯ ಚಕ್ರವರ್ತಿಯೆಂದು ನಾವು ಕೊಂಡಾಡುವ ಕುಮಾರವ್ಯಾಸನದು ಗದಗು, ಅಂದರೆ ಎರೆಭೂಮಿಯ ಬಯಲು. ಇವರ ಕಾವ್ಯಗಳಲ್ಲಿ ಮೊರೆಯುವ ಕಡಲುಗಳು ಬಹುಮಟ್ಟಿಗೆ ಸಂಸ್ಕೃತದ ಮಾರ್ಗವಾಗಿ ಘಟ್ಟವನ್ನು ಹತ್ತಿಬಂದವು. ಶೋಕಸಾಗರ, ಆನಂದಾಬ್ಧಿ, ಕರುಣಾಸಮುದ್ರ, ಭವಸಾಗರಗಳೆಲ್ಲ ಸಮಾಸದ ಗಾಡಿಯಲ್ಲಿ ಕಟ್ಟಿ ತಂದ ನೀರು.

ಆದರೆ ತಂದ ನೀರನ್ನು ಹಾಕಿಕೊಳ್ಳಲು ನಮ್ಮಲ್ಲಿ ಪಾತ್ರೆ ಸಿದ್ಧವಾಗಿತ್ತು. ಹೊಯ್ಸಳರು ತಮ್ಮ ರಾಜಧಾನಿಯನ್ನು ದೋರಸಮುದ್ರವೆಂದು ಕರೆದರು. ಅದು ಇಂದಿನ ಹಳೇಬೀಡು, ಕಡಲಿಗೂ ಅದಕ್ಕೂ ನಡುವೆ ಸಹ್ಯಾದ್ರಿಯೇ ಅಡ್ಡ. ಬೇಲೂರಿನ ಕೆರೆ ವಿಷ್ಣುಸಮುದ್ರ. ಚನ್ನಗಿರಿಯ ಸೂಳೆಕೆರೆಗೆ ಶಾಂತಿಸಾಗರವೆಂಬ ಹೆಸರು ಉಂಟು. ಕನ್ನಂಬಾಡಿಯ ಕಟ್ಟೆ ಕೃಷ್ಣರಾಜಸಾಗರವಾದದ್ದು ನಮ್ಮ ಹಿರಿಯರ ಕಾಲದಲ್ಲಿ. ಹಳ್ಳಿಗಾಡಿನಲ್ಲಿ ಸಮುದ್ರವೆಂದು ಕೊನೆಗೊಳ್ಳುವ ಊರುಗಳ ಹೆಸರನ್ನು ಕೇಳಿ ಅಲ್ಲಿಗೆ ಹೋದರೆ ನಿಮಗೆ ಸಿಗುವುದು ಒಂದು ಏರಿ, ಒಂದು ಹುಣಿಸೆಮರ, ಏರಿಯ ಮೇಲೊಬ್ಬ ಗ್ರಾಮದೇವತೆ. ಇದನ್ನು ಬರಿಯ ಉತ್ಪ್ರೇಕ್ಷೆಯೆಂದು ತಳ್ಳಿಹಾಕಲಾಗದು. ಕಡಲಿಲ್ಲದ ಜನ ತಮಗೊಂದು ಕಡಲನ್ನು ಮಣ್ಣುಹೊತ್ತು ಕಟ್ಟಿಕೊಂಡರು.

ಕಟ್ಟಿಕೊಂಡ ಕಡಲಿಗೂ ತಾನಾಗಿ ಇರುವ ಕಡಲಿಗೂ ಇರುವ ವ್ಯತ್ಯಾಸವೇ ನನ್ನ ಇಂದಿನ ವಿಷಯ. ಕೆರೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಲ್ಲಿಯ ನೀರಿನಿಂದ ಬೆಳೆದ ಕಿರಿಯರಿಗಾಗಿ ಎರಡು ಮಾತು. ಕೆರೆಗೆ ಏರಿಯುಂಟು, ತೂಬುಂಟು, ಕೋಡಿಯುಂಟು. ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಬೇಕಾದಾಗ ಬೇಕಾದಷ್ಟನ್ನು ಗದ್ದೆಗೆ ಬಿಡುತ್ತದೆ; ಅದರ ಲೆಕ್ಕಾಚಾರವೆಲ್ಲ ನೀರುಗಂಟಿಯ ಕೈಯಲ್ಲಿ. ಕೋಡಿಯಾದರೋ ಏರಿಯ ಕೊನೆಯಲ್ಲಿ, ಏರಿಯ ನೆತ್ತಿಗಿಂತ ಕೆಳಮಟ್ಟದಲ್ಲಿ, ಕಲ್ಲು ಹಾಸಿ ಬಿಟ್ಟ ದಾರಿ; ಕೆರೆ ತುಂಬಿ ನೀರು ಆ ಮಟ್ಟವನ್ನು ಮುಟ್ಟಿತೆಂದರೆ ಯಾರ ಅಪ್ಪಣೆಗೂ ಕಾಯದೆ ಹೆಚ್ಚಿನದೆಲ್ಲ ಅಲ್ಲಿಂದ ಹರಿದುಹೋಗುತ್ತದೆ. ಕೋಡಿಯಿಲ್ಲದ ಕೆರೆ ಒಂದು ದೊಡ್ಡ ಮಳೆಗೆ ಏರಿ ಒಡೆದು, ಕೆಳಗಿನ ಗದ್ದೆಯನ್ನೂ ಊರನ್ನೂ ಕೊಚ್ಚಿಕೊಂಡು, ಮರುದಿನ ಬರಿಯ ಕೆಸರಿನ ಅಂಗಳವಾಗಿ ಉಳಿಯುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, "ಕಣ್ಣೀರಿನ ಕೋಡಿ ಹರಿಯಿತು" ಎಂದು ನಾವು ದಿನವೂ ಆಡುವ ಮಾತನ್ನು ಮತ್ತೊಮ್ಮೆ ಕೇಳಿರಿ. ಆ ಮಾತನ್ನು ಮೊದಲು ಆಡಿದವರು ಯಾರೋ ಏನೋ, ಅವರು ಏರಿಯ ಮೇಲೆ ನಡೆದಾಡಿದವರೆಂಬುದರಲ್ಲಿ ನನಗೆ ಸಂಶಯವಿಲ್ಲ. ಅಳುವವನ ಎದೆಯು ಒಡೆಯಲಿಲ್ಲ, ಒಡೆಯದಿರಲೆಂದೇ ಕಣ್ಣು ಹರಿಯಿತು ಎಂಬಷ್ಟು ಅರ್ಥ ಆ ಎರಡಕ್ಷರದ ಕೋಡಿಯಲ್ಲಿ ಅಡಗಿದೆ.

ಭವಭೂತಿಯು ಉತ್ತರರಾಮಚರಿತದ ಮೂರನೆಯ ಅಂಕದಲ್ಲಿ ಇದೇ ಮಾತನ್ನು ಹೇಳಿದ್ದಾನೆ. ಪಂಚವಟಿಗೆ ಮರಳಿ ಬಂದ ರಾಮನು ಸೀತೆಯನ್ನು ನೆನೆದು ಗೋಳಿಡುತ್ತಿರುವಾಗ, ತಟಾಕವು ತುಂಬಿ ಒತ್ತಡ ಹೆಚ್ಚಿದರೆ ನೀರನ್ನು ಹರಿಯಬಿಡುವುದೇ ಉಪಾಯವೆಂದೂ, ಶೋಕದಿಂದ ಕ್ಷೋಭೆಗೊಂಡ ಹೃದಯವು ಪ್ರಲಾಪದಿಂದಲೇ ಉಳಿದುಕೊಳ್ಳುತ್ತದೆಯೆಂದೂ ಅಲ್ಲಿ ಒಂದು ಮಾತು ಬರುತ್ತದೆ. ಭವಭೂತಿ ವಿದರ್ಭದವನು, ಒಳನಾಡಿನವನು. ಶೋಕವನ್ನು ಅವನು ಕಡಲಿಗೆ ಹೋಲಿಸದೆ ಕೆರೆಗೆ ಹೋಲಿಸಿದನೆಂಬುದು ನನ್ನ ಅಜ್ಜಿಯ ಪಕ್ಷಕ್ಕೆ ಸಿಕ್ಕ ದೊಡ್ಡ ಸಾಕ್ಷಿ. ನಮ್ಮೂರಿನಲ್ಲಿ ಗಂಡನನ್ನು ಕಳೆದುಕೊಂಡ ಹೆಣ್ಣೊಬ್ಬಳು ಕಣ್ಣು ಒದ್ದೆ ಮಾಡದೆ ಗೋಡೆಯನ್ನು ನೋಡುತ್ತ ಕುಳಿತರೆ, ಹೆಣದ ಏರ್ಪಾಟಿಗಿಂತ ಮೊದಲು ಹಿರಿಯ ಹೆಂಗಸರು ಅವಳ ಬಳಿ ಸೇರಿ, "ಅತ್ತುಬಿಡವ್ವಾ, ಒಳಗೇ ಇಟ್ಕೋಬ್ಯಾಡ" ಎಂದು ಬೆನ್ನು ನೇವರಿಸುತ್ತಿದ್ದರು. ಅಳು ಬಾರದಿದ್ದರೆ ಸತ್ತವನ ಗುಣಗಳನ್ನು ಒಂದೊಂದಾಗಿ ಎಣಿಸಿ ತಾವೇ ಮೊದಲು ಅಳುತ್ತಿದ್ದರು. ಅವರು ಭವಭೂತಿಯನ್ನು ಓದಿದವರಲ್ಲ. ತುಂಬಿದ ಕೆರೆಯ ಕೋಡಿಗೆ ಕಸಕಡ್ಡಿ ಕಟ್ಟಿಕೊಂಡಾಗ ನೀರುಗಂಟಿ ಏನು ಮಾಡುತ್ತಾನೆಂಬುದನ್ನು ಕಂಡವರು.

ಮಾರಿಕಣಿವೆಯ ಮಾತನ್ನು ಇಲ್ಲಿ ಮುಗಿಸಿಬಿಡುತ್ತೇನೆ. ಆ ಜಲಾಶಯವು 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಅಂದರೆ 89 ವರ್ಷಗಳ ಮೇಲೆ. ಮೊದಲನೆಯದನ್ನು ಹರೆಯದಲ್ಲಿ ಕಂಡಿದ್ದ ನನ್ನ ಅಜ್ಜಿ ಅದನ್ನು ಮದುವೆಯ ದಿಬ್ಬಣವನ್ನು ವರ್ಣಿಸುವಂತೆ ವರ್ಣಿಸುತ್ತಿದ್ದಳು. ಎರಡನೆಯದನ್ನು ಕಾಣಲು ಅವಳಿರಲಿಲ್ಲ, ನಾನು ಕಂಡೆ. ಹೀಗೆ ಬಹುಕಾಲ ತಡೆದುಕೊಂಡಿದ್ದು ಎಂದೋ ಒಮ್ಮೆ ಕೋಡಿ ಬೀಳುವ ಮನುಷ್ಯರೂ ಉಂಟು. ನನ್ನ ಅಜ್ಜನು ತನ್ನ ತಮ್ಮನು ಸತ್ತಾಗ ಅಳಲಿಲ್ಲ, ಹೊಲ ಕೈಬಿಟ್ಟುಹೋದಾಗ ಅಳಲಿಲ್ಲ. ಒಂದು ಬರಗಾಲದಲ್ಲಿ ಎಡಗೋಲಿನ ಎತ್ತು ಕೊಟ್ಟಿಗೆಯಲ್ಲಿ ಕುಸಿದು ಮತ್ತೆ ಏಳದೆ ಹೋದಾಗ, ಮೂರು ದಿನ ಅತ್ತನಂತೆ. ಒಂದು ಎತ್ತಿಗಾಗಿ ಇಷ್ಟೊಂದು ಅಳುವೇ ಎಂದು ಜನ ನಕ್ಕರಂತೆ. ಕೋಡಿಯಲ್ಲಿ ಹರಿಯುವುದು ಕೊನೆಯ ಮಳೆಯ ನೀರೊಂದೇ ಎಂದು ತಿಳಿದವರು ಮಾತ್ರ ಹಾಗೆ ನಗಬಲ್ಲರು.

ತುಂಬುವುದು ಹರಿಯುವುದು ಒಂದು ಬಗೆಯಾದರೆ, ನಿಂತ ನೀರು ಕದಡುವುದು ತಿಳಿಯಾಗುವುದು ಇನ್ನೊಂದು ಬಗೆ. ಇಲ್ಲಿ ನಮ್ಮ ಭಾಷೆಯು ತೋರಿಸಿದ ಸೂಕ್ಷ್ಮವನ್ನು ಎಷ್ಟು ಕೊಂಡಾಡಿದರೂ ಸಾಲದು. ಮನಸ್ಸು ಕದಡಿತು ಎನ್ನುತ್ತೇವೆ, ಕಲಕಿತು ಎನ್ನುತ್ತೇವೆ, ಸ್ವಲ್ಪ ಹೊತ್ತಿನ ಮೇಲೆ ತಿಳಿಯಾಯಿತು ಎನ್ನುತ್ತೇವೆ. ತಿಳಿನೀರಿನ ತಿಳಿಯೂ, ವಿಷಯ ತಿಳಿಯಿತೆಂಬ ತಿಳಿಯೂ, ತಿಳಿವಳಿಕೆಯ ತಿಳಿಯೂ ಒಂದೇ ಮಾತು. ಅರಿಯುವುದೆಂದರೆ ನಮ್ಮವರಿಗೆ ಕೆಸರು ತಳಕ್ಕೆ ಇಳಿದು ಬುಡದ ಕಲ್ಲು ಕಾಣುವುದು. ಸಂಸ್ಕೃತದ ಪ್ರಸನ್ನ ಶಬ್ದವೂ ಇದೇ ದಾರಿಯದು: ಶರತ್ಕಾಲದ ನದಿಯೂ ಪ್ರಸನ್ನ, ವರ ಕೊಡುವ ದೇವರೂ ಪ್ರಸನ್ನ. ಹಳೆಯ ಕಾಲದ ಮನೆಗಳಲ್ಲಿ ಹೊಸನೀರು ಬಂದಾಗ ಚಿಲ್ಲದ ಬೀಜವನ್ನು ಹಂಡೆಯ ಒಳಮೈಗೆ ತೇಯುತ್ತಿದ್ದರು. ಸಂಸ್ಕೃತದಲ್ಲಿ ಅದು ಕತಕ. ತೇದ ಸ್ವಲ್ಪ ಹೊತ್ತಿಗೆ ಕೆಂಪುನೀರಿನ ಕೆಸರೆಲ್ಲ ತಳಕ್ಕೆ ಕೂರುತ್ತಿತ್ತು. ಬೀಜದ ಹೆಸರನ್ನು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯು ಒಂದು ಕಡೆ ಕುಟುಕುತ್ತದೆ. ಕೋಪಗೊಂಡವನ ಮುಂದೆ "ಶಾಂತಿ, ಶಾಂತಿ" ಎಂದು ಜಪಿಸುವವರನ್ನು ಕಂಡಾಗಲೆಲ್ಲ ನನಗೆ ಆ ಮಾತು ನೆನಪಾಗುತ್ತದೆ.

ಇನ್ನು ಶಾಸ್ತ್ರದ ಕಡೆಗೆ ಒಂದು ಘಳಿಗೆ. ಗಾಳಿಯನ್ನು ಕಣ್ಣಿನಿಂದ ಕಂಡವರಿಲ್ಲ. ಎಲೆ ಅಲುಗಿದರೆ, ಧೂಳೆದ್ದರೆ, ಸೆರಗು ಹಾರಿದರೆ ಗಾಳಿಯುಂಟೆನ್ನುತ್ತೇವೆ. ಬೋಫರ್ಟ್ ಎಂಬ ಆಂಗ್ಲ ನೌಕಾಪಡೆಯ ನಾವಿಕನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಗಾಳಿಯ ಬಲಕ್ಕೆ ಸೊನ್ನೆಯಿಂದ 12ರ ವರೆಗೆ ಅಂಕಿಗಳನ್ನು ಗೊತ್ತುಮಾಡಿದಾಗ ಯಾವ ಯಂತ್ರವನ್ನೂ ಆಶ್ರಯಿಸಲಿಲ್ಲ. ಯುದ್ಧನೌಕೆಯೊಂದು ಅಂಥ ಗಾಳಿಯಲ್ಲಿ ಎಷ್ಟು ಹಾಯಿಗಳನ್ನು ಬಿಚ್ಚಿಡಬಲ್ಲುದು, ಎಷ್ಟನ್ನು ಮಡಿಸಬೇಕಾಗುತ್ತದೆ ಎಂಬುದೇ ಅವನ ಅಳತೆಗೋಲು. ಭರತಮುನಿಯು ಭಾವಗಳನ್ನು ಅಳೆದದ್ದೂ ಹೀಗೆಯೇ. ಒಳಗಿನ ಭಾವವು ಕಾಣದು. ಹೊರಗೆ ಕಾಣುವ ಅನುಭಾವದಿಂದ, ಬೆವರಿನಿಂದ, ನಡುಕದಿಂದ, ತೊದಲಿದ ಧ್ವನಿಯಿಂದ ಅದನ್ನು ಊಹಿಸಬೇಕು. ಎಂಟು ಸ್ಥಾಯಿಗಳು, ಮೂವತ್ತಮೂರು ವ್ಯಭಿಚಾರಿಗಳು, ಎಂಟು ಸಾತ್ತ್ವಿಕಗಳೆಂದು ನಾಟ್ಯಶಾಸ್ತ್ರದ ಲೆಕ್ಕ. ವ್ಯಭಿಚಾರಿಭಾವಗಳು ಸ್ಥಾಯಿಭಾವದಲ್ಲಿ ಕಡಲಿನ ತೆರೆಗಳಂತೆ ಏಳುತ್ತ ಮುಳುಗುತ್ತ ಇರುತ್ತವೆಯೆಂದು ದಶರೂಪಕದ ಧನಂಜಯನು ಹೇಳುತ್ತಾನೆ. ಸಾತ್ತ್ವಿಕಗಳಲ್ಲಿ ಕೊನೆಯದು ಪ್ರಲಯ, ಅಂದರೆ ಎಚ್ಚರ ತಪ್ಪಿ ಬೀಳುವುದು. ಲೋಕವನ್ನೆಲ್ಲ ನೀರು ಮುಚ್ಚಿಬಿಡುವ ಮಹಾಪ್ರಲಯದ ಹೆಸರನ್ನು ಒಬ್ಬ ಮನುಷ್ಯನ ಮೂರ್ಛೆಗೆ ಇಟ್ಟವರು ಮನುಷ್ಯನ ಒಳಗನ್ನು ಎಷ್ಟು ದೊಡ್ಡದೆಂದು ಬಗೆದಿದ್ದರೋ!

(ಈಗ ನಿಮ್ಮ ರೇಡಿಯೋ ಪೆಟ್ಟಿಗೆಯಲ್ಲಿ ಗರಗರ ಸದ್ದು ಕೇಳಿಸಿದರೆ ಅದು ನನ್ನ ಗಂಟಲಿನ ದೋಷವಲ್ಲ, ಎಲ್ಲೋ ಮಿಂಚು ಹೊಡೆದಿದೆ. ಹವಾಮಾನದ ಮಾತನ್ನಾಡುವವನ ಮೇಲೆ ಹವಾಮಾನಕ್ಕೂ ಇಷ್ಟು ಅಧಿಕಾರವಿರಲಿ.)

ಧನಂಜಯನು ಮಾಳವದ ಮುಂಜರಾಜನ ಆಸ್ಥಾನದವನು. ಆ ಮುಂಜನನ್ನು ಸೋಲಿಸಿ ಸೆರೆಹಿಡಿದವನು ನಮ್ಮ ಚಾಲುಕ್ಯ ತೈಲಪ. ತೈಲಪನಿಂದ ಕವಿಚಕ್ರವರ್ತಿಯೆನಿಸಿಕೊಂಡವನು ರನ್ನ. ರಾಜರು ಹೊಡೆದಾಡಿಕೊಂಡಿರಲಿ, ಧನಂಜಯನ ಲಕ್ಷಣಕ್ಕೆ ರನ್ನನಲ್ಲಿ ಒಂದು ಅದ್ಭುತವಾದ ಲಕ್ಷ್ಯ ದೊರೆಯುತ್ತದೆ. ಗದಾಯುದ್ಧದಲ್ಲಿ ದುರ್ಯೋಧನನು ವೈಶಂಪಾಯನ ಸರೋವರದ ಒಳಹೊಕ್ಕು ಅಡಗಿದ್ದಾನೆ. ದಡದಿಂದ ಭೀಮನ ಗರ್ಜನೆ ಕೇಳಿಬರುತ್ತದೆ. ನೀರಿನ ತಳದಲ್ಲಿದ್ದರೂ ಆ ಮಾನಿಯ ಮೈಯೆಲ್ಲ ಬೆವರುತ್ತದೆ. ಸ್ವೇದವು ಸಾತ್ತ್ವಿಕಗಳಲ್ಲೊಂದೆಂಬುದು ಶಾಸ್ತ್ರ. ಆ ಸ್ವೇದವನ್ನು ಕೊಳದ ನೀರಿನೊಳಗೆ ಬರಿಸಿ ತೋರಿಸಿದ್ದು ಕವಿತ್ವ. ಸುತ್ತಲಿನ ತಂಪೆಲ್ಲ ಸೇರಿದರೂ ತಣಿಸಲಾಗದ ಬೇಗೆಯೆಂಥದೆಂದು ವಿವರಿಸಲು ರನ್ನನಿಗೆ ಬಿರುಗಾಳಿಯೂ ಬೇಕಾಗಲಿಲ್ಲ, ಬಡಬಾನಲವೂ ಬೇಕಾಗಲಿಲ್ಲ.

ತಣಿಸುವುದು ಎಂದೆನಲ್ಲವೆ? ಆ ಮಾತನ್ನೂ ಸ್ವಲ್ಪ ಬಿಡಿಸೋಣ. ತಣ್ಣನೆ, ತಂಪು, ತಣಿವು: ನಮ್ಮ ಭಾಷೆಯಲ್ಲಿ ತೃಪ್ತಿಗೆ ತಂಪೇ ತಾಯಿ. ಮುದುಕಿಯೊಬ್ಬಳ ಹಸಿವೆಗೆ ಅನ್ನವಿಟ್ಟರೆ "ನಿನ್ನ ಹೊಟ್ಟೆ ತಣ್ಣಗಿರಲಿ" ಎಂದು ಹರಸುತ್ತಾಳೆ. ಬಹುದಿನದ ಮೇಲೆ ಮಗನನ್ನು ಕಂಡ ತಾಯಿಗೆ ಕಣ್ಣು ತಂಪಾಗುತ್ತದೆ. ದುಃಖದ ಶಬ್ದಗಳೆಲ್ಲ ಬಿಸಿಲಿನವು: ತಾಪ, ಸಂತಾಪ, ಪರಿತಾಪ, ಪಶ್ಚಾತ್ತಾಪ, ಹೊಟ್ಟೆಯುರಿ, ಒಡಲಬೇಗೆ. ಹೃದಯ ಒಳ್ಳೆಯದಾಗಬೇಕಾದರೆ ಅದು ಒದ್ದೆಯಾಗಿರಬೇಕು. ಕರುಣೆಯುಳ್ಳ ಮನಸ್ಸನ್ನು ಆರ್ದ್ರವೆನ್ನುತ್ತೇವೆ, ಜೂನ್ ತಿಂಗಳ ಕೊನೆಗೆ ಬರುವ ಮಳೆಯ ನಕ್ಷತ್ರಕ್ಕೂ ಅದೇ ಹೆಸರು. ಆಂಗ್ಲರ ನಾಡಿನಲ್ಲಿ ಇದೆಲ್ಲ ತಲೆಕೆಳಗು. ಚಳಿಯಲ್ಲಿ ನಡುಗುವ ಆ ಜನಕ್ಕೆ ಪ್ರೀತಿಯೆಂದರೆ ಬೆಚ್ಚಗಿರುವುದು, ತಿರಸ್ಕಾರವೆಂದರೆ ತಣ್ಣಗಿರುವುದು. ಅವರ ದೃಷ್ಟಿಯಿಂದ ಅದು ಸರಿಯೇ. ಆದರೆ ಮೇ ತಿಂಗಳ ರಾಯಚೂರಿನಲ್ಲಿ ಮಂತ್ರಿಗಳಿಗೆ "ಬೆಚ್ಚನೆಯ ಸ್ವಾಗತ" ದೊರೆಯಿತೆಂದು ನಮ್ಮ ಪತ್ರಿಕೆಗಳು ಬರೆದಾಗ ನನಗೆ ಮಂತ್ರಿಗಳ ಮೇಲೆ ಮರುಕವುಂಟಾಗುತ್ತದೆ. ಗೃಹಸ್ಥನ ಸುಖಗಳನ್ನು ಎಣಿಸುವಾಗ ಸರ್ವಜ್ಞನು ಬೆಚ್ಚಗಿನ ಮನೆಯನ್ನೇ ಮೊದಲು ಎಣಿಸಿದ್ದಾನಲ್ಲವೆ ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ಅವನು ಹಿರೇಕೆರೂರಿನ ಕಡೆಯವನೆಂದು ಹೇಳುತ್ತಾರೆ. ಅದು ಮಲೆನಾಡಿನ ಸೆರಗು, ಜಡಿಮಳೆಯ ಗಾಳಿಗೆ ಗೋಡೆಯೂ ಬೆವರುವ ಕಡೆ. ಚಳ್ಳಕೆರೆಯಲ್ಲಿ ಹುಟ್ಟಿದ್ದರೆ ಪದ್ಯ ಬೇರೆಯಾಗುತ್ತಿತ್ತು.

ಮೋಡದ ವಿಷಯದಲ್ಲಂತೂ ನಮ್ಮ ಮನಸ್ಸು ಒಂದೇ ಕಡೆ ನಿಂತಿಲ್ಲ. ಕಾರ್ಮೋಡವೆಂದರೆ ಈಗ ಸಂಕಟದ ಸೂಚನೆ. ಮುಖವು ಮೋಡಕಟ್ಟಿತೆಂದರೆ ಅಳು ಸಮೀಪವಾಯಿತೆಂದು ಅರ್ಥ. ಮೋಡ ಮುಸುಕಿದ ದಿನವನ್ನು ಅಮರಕೋಶವೇ ದುರ್ದಿನವೆಂದಿರುವುದರಿಂದ ಈ ದೋಷವನ್ನು ಆಂಗ್ಲರ ತಲೆಗೆ ಕಟ್ಟುವಂತೆಯೂ ಇಲ್ಲ. ಆದರೆ ಅದೇ ಸಂಸ್ಕೃತದಲ್ಲಿ ಕಾಳಿದಾಸನ ಯಕ್ಷನು ಆಷಾಢದ ಮೋಡವನ್ನು ಕಂಡು, ಹೊಗೆ ಬೆಳಕು ನೀರು ಗಾಳಿಗಳ ಮುದ್ದೆಯಾದ ಆ ಜಡವಸ್ತುವಿನ ಕೈಯಲ್ಲಿ ತನ್ನ ಒಲವಿನ ಸಂದೇಶವನ್ನು ಕೊಟ್ಟು ಕಳುಹಿದನು. ವಿರಹಿಗೆ ಮ್ಲಾನತೆಯನ್ನೂ ಆಸೆಯನ್ನೂ ಒಂದೇ ಮೋಡ ತಂದಿತು. ನಮ್ಮ ನಾಡಿನೊಳಗೇ ನೋಡಿರಿ: ವರ್ಷಕ್ಕೆ 300 ಅಂಗುಲದ ಆಸುಪಾಸಿನ ಮಳೆ ಸುರಿಯುವ ಆಗುಂಬೆಯಲ್ಲಿ ಆಷಾಢದ ಮೋಡವೆಂದರೆ ಒಣಗದ ಬಟ್ಟೆ, ಹೊಗೆಯುವ ಒಲೆ, ಬೇಸರ; ಘಟ್ಟವನ್ನು ದಾಟಿ ಪೂರ್ವಕ್ಕೆ ಹಗಲೊಂದರ ಪ್ರಯಾಣ ಮಾಡಿದರೆ ಅದೇ ಮೋಡ ನೆಂಟ, ಅದೇ ಮೋಡ ಸಾಲ ತೀರಿಸಬಲ್ಲ ಧಣಿ. ನಮ್ಮ ಸೀಮೆಯಲ್ಲಿ ಅತಿಕ್ರೂರವಾದ ದುಃಖಕ್ಕೆ ಇರುವ ಹೋಲಿಕೆ ಮಳೆಯೂ ಅಲ್ಲ, ಮೋಡವೂ ಅಲ್ಲ, ಬರಸಿಡಿಲು. ಮಳೆ ತಾರದೆ ಬರಿದೆ ಬಂದು ಹೊಡೆಯುವ ಸಿಡಿಲು ಅದು. ಮಳೆಯ ಜೊತೆಗೆ ಬಂದ ಸಿಡಿಲನ್ನು ಕ್ಷಮಿಸಬಹುದು.

ಇಷ್ಟು ಹೊತ್ತೂ ಕಡಲಿನ ಮಾತನ್ನು ಮುಂದೂಡುತ್ತ ಬಂದೆ. ಕರಾವಳಿಯ ಶ್ರೋತೃಗಳು ಸಿಟ್ಟಾಗುವುದಕ್ಕೆ ಮೊದಲು ಆ ಕಡೆಗೆ ಇಳಿಯುತ್ತೇನೆ. ನನ್ನೊಡನೆ ಪಾಠ ಹೇಳುತ್ತಿದ್ದ ಮಿತ್ರರೊಬ್ಬರು ಕುಂದಾಪುರದ ಕಡೆಯವರು. ಮನೆಯ ಹಿತ್ತಿಲು ಮುಗಿದರೆ ಮರಳು, ಮರಳು ಮುಗಿದರೆ ನೀರು. ದುಃಖಸಾಗರವೆಂಬ ಮಾತನ್ನು ಅವರ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲವಂತೆ. ಮಳೆಗಾಲ ಹಿಡಿದೊಡನೆ ದೋಣಿಗಳನ್ನು ಎಳೆದು ತೆಂಗಿನ ಮರದ ಬುಡಕ್ಕೆ ಕಟ್ಟಿ, ಮಡಲು ಹೊದಿಸಿ, ಶ್ರಾವಣದ ಹುಣ್ಣಿಮೆಯ ತನಕ ಕಾದು, ಅಂದು ಕಡಲಿಗೆ ಹಾಲೆರೆದು ತೆಂಗಿನಕಾಯಿ ಒಪ್ಪಿಸಿ, ಮತ್ತೆ ನೀರಿಗಿಳಿಯುವ ಜನರ ನೆರೆಯಲ್ಲಿ ಬೆಳೆದವರು ಅವರು. "ಅಪ್ಪ ಹೋದವನು ಬಾರದಿದ್ದ ಮನೆಯ ಎದುರಿಗೆ ನಿಂತು ದುಃಖ ಕಡಲಿನಂತೆ ಎಂದರೆ, ಅದು ಹೋಲಿಕೆಯಾಗುವುದಿಲ್ಲ, ಚುಚ್ಚುಮಾತಾಗುತ್ತದೆ" ಎಂದರು. ಅಲ್ಲಿ ಅಲಂಕಾರವು ತಿರುಗುಮುರುಗು: ಮನಸ್ಸಿಗೆ ಕಡಲನ್ನು ಹೋಲಿಸುವ ಬದಲು ಕಡಲಿಗೇ ಮನಸ್ಸನ್ನು ಹಚ್ಚುತ್ತಾರೆ. ಕಡಲು ಇವತ್ತು ಸರಿಯಿಲ್ಲ, ಕಡಲು ಮುನಿದಿದೆ, ಕಡಲು ಸುಮ್ಮನಾಯಿತು. ಮನೆಯ ಹಿರಿಯರೊಬ್ಬರ ಕೋಪತಾಪವನ್ನು ಪಿಸುಮಾತಿನಲ್ಲಿ ವರದಿ ಮಾಡುವ ಧಾಟಿ ಅದು. ನೊರೆಯನ್ನು ಕ್ರೂರವೆನ್ನುವ ಕವಿಗಳನ್ನು ಕಂಡರೆ ಆಂಗ್ಲ ವಿಮರ್ಶಕ ರಸ್ಕಿನ್ ಮಹಾಶಯನಿಗೆ ಆಗುತ್ತಿರಲಿಲ್ಲ. ನೊರೆಗೆ ಕ್ರೌರ್ಯವೆಲ್ಲಿಯದು, ದುಃಖದಿಂದ ಕಣ್ಣು ಕೆಟ್ಟವನು ಹಾಗೆ ಕಾಣುತ್ತಾನೆ ಎಂದು ಅವನು 1856ರಲ್ಲಿ ಒಂದು ಸಿದ್ಧಾಂತವನ್ನೇ ಮಾಡಿದನು. ಕುಂದಾಪುರದ ದಡದಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಅವನ ಲೇಖನಿ ಅಷ್ಟು ನಿಶ್ಚಯದಿಂದ ಓಡುತ್ತಿರಲಿಲ್ಲವೆಂದು ನನ್ನ ಗುಮಾನಿ.

ಒಳನಾಡಿನ ಉಡುತಡಿಯವಳಾದ ಅಕ್ಕಮಹಾದೇವಿಗೆ ಈ ವಿಚಾರದಲ್ಲಿ ನನಗಿಂತ ಹೆಚ್ಚು ತಿಳಿದಿತ್ತು. ಕಡಲ ತಡಿಯಲ್ಲಿ ಮನೆ ಮಾಡಿದ ಮೇಲೆ ತೆರೆಗಳಿಗೆ ಹೆದರುವುದೆಂಥದು ಎಂದು ಅವಳು ಒಂದು ವಚನದಲ್ಲಿ ಕೇಳುತ್ತಾಳೆ. ಅವಳ ಕಡಲು ಲೋಕ. ತೆರೆಗಳು ಲೋಕದ ಸ್ತುತಿನಿಂದೆಗಳು. ಕಡಲು ತನ್ನ ಒಳಗಿದೆಯೆಂದು ಅವಳು ಹೇಳಲಿಲ್ಲವೆಂಬುದನ್ನು ಗಮನಿಸಿರಿ. ತಾನು ತಡಿಯಲ್ಲಿ ಇದ್ದೇನೆಂದಳು. ಒಳಗನ್ನು ಸಮಾಧಾನವಾಗಿ ಇಟ್ಟುಕೊಳ್ಳುವುದು ತನ್ನ ಪಾಲಿನ ಕೆಲಸ, ತೆರೆಯನ್ನು ನಿಲ್ಲಿಸುವುದಲ್ಲ.

ತೆರೆಯನ್ನು ನಿಲ್ಲಿಸಹೊರಟವರೂ ಇದ್ದರು. ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಕಷ್ಟಗಳ ಕಡಲಿನ ಮೇಲೆ ಆಯುಧವನ್ನೆತ್ತುವ ಮಾತನಾಡುತ್ತಾನೆ. ಕಡಲಿನೊಡನೆ ಕತ್ತಿಯ ಯುದ್ಧವೆಲ್ಲಿಯಾದರೂ ಉಂಟೆ, ಇದು ಬೆರಕೆ ರೂಪಕವೆಂದು ಅಲ್ಲಿನ ವಿಮರ್ಶಕರು ಬಹುಕಾಲ ತಕರಾರು ತೆಗೆದರು. ನಮ್ಮಲ್ಲಿ ಆ ತಕರಾರು ಹುಟ್ಟುವಂತೆಯೇ ಇಲ್ಲ. ಗಾಂಭೀರ್ಯದಲ್ಲಿ ಸಮುದ್ರಕ್ಕೆ ಸಮಾನನೆಂದು ವಾಲ್ಮೀಕಿಯು ಬಾಲಕಾಂಡದ ಮೊದಲಲ್ಲೇ ಯಾರನ್ನು ಹೊಗಳಿದನೋ, ಆ ರಾಮನೇ ಯುದ್ಧಕಾಂಡದಲ್ಲಿ ದರ್ಭೆಯ ಮೇಲೆ ಮೂರು ರಾತ್ರಿ ಮಲಗಿ ದಾರಿ ಬೇಡಿ, ಸಮುದ್ರವು ಓಗೊಡದಿರಲು ಕಣ್ಣು ಕೆಂಪಾಗಿಸಿ ಬಿಲ್ಲನ್ನೆತ್ತುತ್ತಾನೆ. ಆಂಗ್ಲರಿಗೆ ದೋಷವಾಗಿ ಕಂಡ ಅಲಂಕಾರ ನಮಗೆ ಕಥೆಯ ಸಂಗತಿ. ಅದಕ್ಕಿಂತ ಸೊಗಸೆಂದರೆ, ಉಪಮೇಯವು ಉಪಮಾನದ ಮೇಲೆಯೇ ಸಿಟ್ಟಾಯಿತು. ಎರಡು ಗಾಂಭೀರ್ಯಗಳು ಎದುರುಬದುರಾಗಿ ನಿಂತಾಗ ಮೊದಲು ಕದಡಿದ್ದು ರಾಮನೆಂಬುದನ್ನು ಆದಿಕವಿಯು ಮುಚ್ಚಿಡಲಿಲ್ಲ.

ಕಡೆಯದಾಗಿ ನನ್ನ ಅಜ್ಜಿಯ ಕಥೆ. ನನಗೆ ಸಂಬಳ ಬರತೊಡಗಿದ ಮೇಲೆ ಅವಳನ್ನು ಉಡುಪಿಯ ಕೃಷ್ಣನ ದರ್ಶನಕ್ಕೆ ಕರೆದುಕೊಂಡು ಹೋದೆ. ಆಗ ಅವಳಿಗೆ ಅರುವತ್ತರ ಮೇಲೆ. ದರ್ಶನ ಮುಗಿಸಿ, ಊಟ ಮುಗಿಸಿ, ಸಂಜೆಗೆ ಮಲ್ಪೆಗೆ ಹೋದೆವು. ಭೂಗೋಳದ ಹಳೆಯ ವಾದವನ್ನು ಗೆಲ್ಲುವ ಆಸೆಯೂ ನನ್ನಲ್ಲಿ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ದಡದಲ್ಲಿ ರಂಪಣಿ ಬಲೆಯನ್ನು ಎಳೆದು ಮುಗಿಸಿದ್ದರು. ಬುಟ್ಟಿಗಳನ್ನು ಹೊತ್ತ ಹೆಂಗಸರು ಬೇಗಬೇಗ ಸರಿಯುತ್ತಿದ್ದರು. ಅಜ್ಜಿ ನೀರಿನಿಂದ ಹತ್ತು ಮಾರು ದೂರದಲ್ಲಿ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಎಡಗಡೆಗೆ ಬಹಳ ಹೊತ್ತು ನೋಡಿದಳು, ಬಲಗಡೆಗೆ ಬಹಳ ಹೊತ್ತು ನೋಡಿದಳು. ನಾನು ಅವಳ ಬೆರಗಿನ ಉದ್ಗಾರಕ್ಕಾಗಿ ಕಾದಿದ್ದೆ.

"ಇದ್ರ ಕೋಡಿ ಎಲ್ಲೈತೆ?" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಪಕ್ಕದಲ್ಲಿ ಕುಳಿತು ಬಲೆಯ ಸಿಕ್ಕು ಬಿಡಿಸುತ್ತಿದ್ದ ಮುದುಕನೊಬ್ಬನು ನಕ್ಕು, ಕಡಲಿಗೆ ಕೋಡಿಯಿಲ್ಲವಮ್ಮ, ಎಷ್ಟು ಹೊಳೆ ಬಂದು ಬಿದ್ದರೂ ಇದು ತುಂಬುವುದಿಲ್ಲ ಎಂದನು. ಸ್ಥಿತಪ್ರಜ್ಞನನ್ನು ವರ್ಣಿಸುತ್ತ ಗೀತೆಯಲ್ಲಿ ಭಗವಂತನು ಆಡಿದ ಮಾತೂ ಇದೇ ಎಂದು ನಾನು ಹೇಳಹೊರಟೆ. ಅಜ್ಜಿ ನನ್ನ ಕಡೆಗೆ ತಿರುಗಲಿಲ್ಲ. ತೆರೆಯೊಂದು ಮೇಲೆ ಬಂದು ಅವಳ ಕಾಲ್ಬೆರಳನ್ನು ತೋಯಿಸಿ ಹಿಂದಕ್ಕೆ ಹೋಯಿತು. ಅವಳು ಆ ಮುದುಕನನ್ನೇ ನೋಡುತ್ತ ಕೇಳಿದಳು:

"ಹಂಗಾದ್ರೆ ಇದು ಅಳೋದು ಹೆಂಗಪ್ಪಾ?"

ಅವನು ಸ್ವಲ್ಪ ಹೊತ್ತು ಕೈ ನಿಲ್ಲಿಸಿದನು. ಮತ್ತೆ ಬಲೆಯ ಗಂಟಿಗೆ ಬೆರಳಿಟ್ಟನು.